‘ಮನೆಮಠ’ ಎಂಬ ಮಾತಿನ ಅರ್ಥವಿಚಾರ

ನಿರ್ಗತಿಕನನ್ನು ಕುರಿತು ‘ಮನೆಮಠವಿಲ್ಲದವನು’ ಎನ್ನುವ ರೂಢಿ ಕನ್ನಡದಲ್ಲಿ ಉಂಟು. ನಿತ್ಯ ಆಡುವ ಮಾತಾದುದರಿಂದ ಅದರ ಅರ್ಥದ ಕಡೆಗೆ ನಮ್ಮ ಲಕ್ಷ್ಯ ಹರಿಯುವುದಿಲ್ಲ. ‘ಮನೆಯಿಲ್ಲದವನು’ ಎಂದಷ್ಟೇ ಹೇಳಿ ನಮ್ಮ ಹಿರಿಯರು ಸುಮ್ಮನಾಗಲಿಲ್ಲ. ಮಠವನ್ನೂ ಜೊತೆಗೆ ಸೇರಿಸಿದರು. ಸ್ವಂತ ಸೂರನ್ನು ಕಳೆದುಕೊಂಡವನಿಗೂ ಮಠದಲ್ಲಿ ಒಂದು ತುತ್ತು ಪ್ರಸಾದ, ಒಂದು ರಾತ್ರಿಯ ಆಶ್ರಯ ಉಂಟು. ಅದೂ ಇಲ್ಲದವನೇ ನಿಜವಾದ ಅನಾಥನು ಎಂಬ ತಿಳಿವಳಿಕೆ ಈ ಜೋಡುನುಡಿಯಲ್ಲಿ ಅಡಗಿದಂತೆ ತೋರುತ್ತದೆ. ಮಠದ ನೆರಳಿನಲ್ಲಿ ಬೆಳೆದ ಶಾಲೆಯ ಸಂಚಿಕೆಯಲ್ಲಿ ಈ ಮಾತನ್ನು ಕುರಿತು ವಿಚಾರ ಮಾಡುವುದು ಉಚಿತವಾದೀತು.

ಮೊದಲಿಗೆ ಒಂದು ಭೇದವನ್ನು ಗುರುತಿಸಬೇಕು. ಮನೆಯನ್ನು ಬಿಟ್ಟವರು ಬೇರೆ, ಮನೆಯನ್ನು ಕಳೆದುಕೊಂಡವರು ಬೇರೆ. ಹೊನ್ನಾಳಿಗೆ ನೆರೆಯ ಶಿಕಾರಿಪುರ ಸೀಮೆಯ ಉಡುತಡಿಯಿಂದ ಹೊರಟ ಅಕ್ಕಮಹಾದೇವಿ ಅರಮನೆಯನ್ನೇ ತೊರೆದಳು. ಆಕೆಯದು ತಾನಾಗಿ ಆರಿಸಿಕೊಂಡ ಬಯಲು. ಮುಂದೆ ಕಲ್ಯಾಣದಲ್ಲಿ ಆಕೆಯನ್ನು ಬರಮಾಡಿಕೊಳ್ಳಲು ಶರಣಸಮೂಹವೇ ಇತ್ತು. ಜಂಗಮನಿಗೂ ಸ್ವಂತ ಮನೆಯಿಲ್ಲ. ಆದರೆ ಭಕ್ತರ ಮನೆಗಳೆಲ್ಲ ಅವನಿಗೆ ತೆರೆದಿರುತ್ತವೆ. ರಸ್ತೆಯ ಬದಿಯಲ್ಲಿ ಮಗುವನ್ನು ಮಲಗಿಸಿ ಎಚ್ಚರವಿರುವ ತಾಯಿಗೆ ಅಂಥ ಯಾವ ಬಾಗಿಲೂ ಇಲ್ಲ. ತ್ಯಾಗದ ಹಿರಿಮೆಯನ್ನು ಹೇಳುವ ಭರದಲ್ಲಿ ಇಲ್ಲದವರ ಸಂಕಟವನ್ನು ಮರೆಯಬಾರದು.

ಇಂಥವರನ್ನು ಜನಗಣತಿಯು ‘ವಸತಿಹೀನರು’ ಎಂದು ಕರೆಯುತ್ತದೆ. ಕಟ್ಟಡಗಳಲ್ಲಿ ವಾಸಿಸದೆ ರಸ್ತೆಯ ಬದಿ, ಸೇತುವೆಯ ಕೆಳಗೆ, ರೈಲ್ವೆ ಪ್ಲಾಟ್‌ಫಾರಂ, ಗುಡಿಯ ಮಂಟಪ ಮುಂತಾದ ಕಡೆ ಬಯಲಲ್ಲಿ ಮಲಗುವವರು ಈ ಲೆಕ್ಕಕ್ಕೆ ಸೇರುತ್ತಾರೆ. 2011ರ ಫೆಬ್ರವರಿ 28ರ ರಾತ್ರಿ ನಡೆದ ಎಣಿಕೆಯಲ್ಲಿ ದೇಶದಲ್ಲಿ ಸುಮಾರು 17.7 ಲಕ್ಷ, ಕರ್ನಾಟಕದಲ್ಲಿ 76 ಸಾವಿರಕ್ಕೂ ಮಿಕ್ಕಿ ವಸತಿಹೀನರು ಕಂಡುಬಂದರು. ಆದರೆ ಮನೆಯ ಅಭಾವವು ಈ ಲೆಕ್ಕದಲ್ಲಿ ಮುಗಿಯುವುದಿಲ್ಲ. ಗೋಡೆ, ಮಾಡು ಇದ್ದೂ ಮನೆಯಿಲ್ಲದವರು ನಮ್ಮ ಸುತ್ತಲಿನ ನಾಲ್ಕು ತಾಲ್ಲೂಕುಗಳಲ್ಲಿಯೇ ಇದ್ದಾರೆ.

ಹೊನ್ನಾಳಿಯನ್ನು ನೋಡೋಣ. ಕೂಡಲಿಯಲ್ಲಿ ಒಂದಾದ ತುಂಗೆ ಭದ್ರೆಯರು ಹೊನ್ನಾಳಿಯ ಮಗ್ಗುಲಲ್ಲಿಯೇ ಹರಿಯುತ್ತಾರೆ. ಮಲೆನಾಡಿನಲ್ಲಿ ಮಳೆ ಬಲಿತು ಜಲಾಶಯಗಳಿಂದ ನೀರು ಬಿಟ್ಟಾಗ ಪಟ್ಟಣದ ತಗ್ಗಿನ ಬಾಲರಾಜ್ ಘಾಟ್ ಮುಂತಾದ ಕಡೆಯ ಜನರು ಪಾತ್ರೆಪಡಗಗಳನ್ನು ಹೊತ್ತು ಕಾಳಜಿ ಕೇಂದ್ರವನ್ನು ಸೇರಬೇಕಾಗುತ್ತದೆ. ಅಲ್ಲಿ ಸೂರೂ ಉಂಟು, ಊಟವೂ ಉಂಟು. ಆದರೂ ನೀರು ಇಳಿದೊಡನೆ ಕೆಸರು ತುಂಬಿದ ಮನೆಗೇ ಅವರು ಮರಳುತ್ತಾರೆ. ತನ್ನ ಒಲೆಯನ್ನು ತಾನೇ ಹೊತ್ತಿಸುವ ಸ್ವಾತಂತ್ರ್ಯವು ಅನ್ನದಷ್ಟೇ ಮುಖ್ಯವೆಂಬುದು ಇದರಿಂದ ತಿಳಿಯುತ್ತದೆ.

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವು ಸಂತ ಸೇವಾಲಾಲರ ಜನ್ಮಸ್ಥಳವೆಂದು ಬಂಜಾರ ಸಮುದಾಯದವರಿಗೆ ಪವಿತ್ರವಾದ ಕ್ಷೇತ್ರ. ಎತ್ತುಗಳ ಮೇಲೆ ಉಪ್ಪು, ದವಸಗಳನ್ನು ಹೇರಿಕೊಂಡು ನಾಡಿನುದ್ದಕ್ಕೂ ಸಂಚರಿಸುತ್ತಿದ್ದ ಈ ಜನರ ಕಸುಬು ರೈಲುಗಳು ಬಂದ ಮೇಲೆ ಕುಸಿಯಿತು. ಅಲೆಮಾರಿಗಳನ್ನು ಹುಟ್ಟು ಅಪರಾಧಿಗಳೆಂದು ಬಗೆದ 1871ರ ಕಾಯಿದೆಯ ಕಳಂಕ 1952ರವರೆಗೂ ಉಳಿದಿತ್ತು. ಸಂಚಾರ ನಿಂತು ತಾಂಡಗಳಲ್ಲಿ ನೆಲೆಯೂರಿದ ಮೇಲೂ, ಎಷ್ಟೋ ತಾಂಡಗಳು ಖಾಸಗಿ ಅಥವಾ ಸರ್ಕಾರಿ ಜಮೀನಿನ ಮೇಲಿದ್ದುದರಿಂದ, ಮೂರು ತಲೆಮಾರು ಬಾಳಿದ ಮನೆಗೂ ಹಕ್ಕುಪತ್ರವಿರಲಿಲ್ಲ. 1974ರ ಭೂಸುಧಾರಣೆಯು ಉಳುವವನನ್ನು ಹೊಲದೊಡೆಯನನ್ನಾಗಿ ಮಾಡಿತು. ದಾಖಲೆಯಿಲ್ಲದ ಜನವಸತಿಗಳಲ್ಲಿ ವಾಸಿಸುವವನು ಮನೆಯೊಡೆಯನಾಗಲು 2017ರಲ್ಲಿ ಜಾರಿಗೆ ಬಂದ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಲಂಬಾಣಿ ತಾಂಡ, ಗೊಲ್ಲರಹಟ್ಟಿ, ಹಾಡಿ, ಕ್ಯಾಂಪುಗಳು ಇದರ ವ್ಯಾಪ್ತಿಗೆ ಬಂದವು. 2025ರ ಮೇ 20ರಂದು ಹೊಸಪೇಟೆಯಲ್ಲಿ 1,11,111 ಕುಟುಂಬಗಳಿಗೆ ಹಕ್ಕುಪತ್ರ ನೀಡುವ ಸಮಾರಂಭ ನಡೆಯಿತು. ‘ಇಲ್ಲಿಂದ ಏಳು’ ಎಂದು ಯಾರೂ ಹೇಳಲಾರರೆಂಬ ಭರವಸೆಯೇ ನೆಲೆ. ಸೂರಿಗೆ ನೆಲೆ ಸೇರಿದಾಗಲೇ ಮನೆಯು ಮನೆಯಾಗುವುದು.

ಇಷ್ಟಾದರೂ ಸಾಲದು. ಇದನ್ನು ನನಗೆ ಕಲಿಸಿದವನು ಜಗಳೂರು ಕಡೆಯ ಒಬ್ಬ ವಿದ್ಯಾರ್ಥಿ. ಹಲವು ವರ್ಷಗಳ ಹಿಂದೆ ತರಗತಿಗೆ ‘ನನ್ನ ಮನೆ’ ಎಂಬ ಪ್ರಬಂಧವನ್ನು ಕೊಟ್ಟಿದ್ದೆನು. ಆ ಬಾಲಕನು ಎರಡೇ ವಾಕ್ಯ ಬರೆದಿದ್ದನು: ನಮ್ಮ ಮನೆ ಊರಲ್ಲಿದೆ, ಈಗ ಅದಕ್ಕೆ ಬೀಗ ಹಾಕಿದೆ. ಉತ್ತರ ಚಿಕ್ಕದಾಯಿತೆಂದು ನಾನು ಅಂಕ ಕಳೆದೆನು. ಆ ವರ್ಷ ಮಳೆ ಹೋಗಿ, ತಂದೆತಾಯಿಗಳು ಕಾಫಿ ಸೀಮೆಗೆ ಗುಳೆ ಹೋಗಿದ್ದರೆಂದು ಆಮೇಲೆ ತಿಳಿಯಿತು. ಆ ಎರಡು ವಾಕ್ಯಗಳಲ್ಲಿ ಇಡೀ ಪ್ರಬಂಧವೇ ಇದ್ದಿತು. ಓದಲು ಬಾರದವನು ನಾನಾಗಿದ್ದೆನು. ಮನೆಯೆಂದರೆ ನಾವು ಬರುವುದನ್ನು ಕಾಯುವವರಿರುವ ಸ್ಥಳ. ಕಾಯುವವರಿಲ್ಲದಿದ್ದರೆ ಹಕ್ಕುಪತ್ರವಿದ್ದ ಮನೆಯೂ ಬರಿಯ ಬೀಗವೇ.

ಒಂದು ಕಡೆ ಬೀಗ ಬಿದ್ದಾಗ ಮತ್ತೊಂದು ಕಡೆ ಷೆಡ್ಡು ಏಳುತ್ತದೆ. ಚನ್ನಗಿರಿಯ ಅಡಿಕೆ ಸೀಮೆಯಲ್ಲಿ ಕೊಯ್ಲು, ಸುಲಿತಗಳ ಕಾಲಕ್ಕೆ ದುಡಿಯಲು ಬಂದವರ ಮಕ್ಕಳು ನಮ್ಮ ಶಾಲೆಗಳ ಬಾಗಿಲಿಗೂ ಬರಬಹುದು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ, 6ರಿಂದ 14 ವರ್ಷದ ಮಗುವಿಗೆ ವಯಸ್ಸಿನ ದಾಖಲೆಯಿಲ್ಲವೆಂದಾಗಲಿ, ವರ್ಗಾವಣೆ ಪತ್ರ ತಡವಾಯಿತೆಂದಾಗಲಿ ಪ್ರವೇಶವನ್ನು ನಿರಾಕರಿಸುವಂತಿಲ್ಲ. ಕಾಯಿದೆಯು ಬಾಗಿಲನ್ನು ತೆರೆಯಿಸಬಲ್ಲುದು; ‘ಬಾ ಮಗು, ಕುಳಿತುಕೊ’ ಎನ್ನಬೇಕಾದವರು ಅಧ್ಯಾಪಕರೇ.

ದಾನಿಗಳು ಕಟ್ಟಿಸಿಕೊಟ್ಟ ಒಂದೊಂದು ಕೋಣೆಯೂ, ಪ್ರಸಾದ ನಿಲಯದ ಒಂದೊಂದು ತಟ್ಟೆಯೂ ‘ಮನೆಮಠ’ ಎಂಬ ಮಾತಿನ ಉತ್ತರಾರ್ಧವನ್ನು ಉಳಿಸಿಕೊಂಡು ಬಂದಿವೆ. ಹಳೆಯ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿ ಇದನ್ನು ಉಂಡು ಬಲ್ಲವರು. ಹಾಜರಿ ಪುಸ್ತಕದಲ್ಲಿ ತಿಂಗಳುಗಟ್ಟಲೆ ಗೈರುಹಾಜರಾದ ಹೆಸರನ್ನು ಹೊಡೆದುಹಾಕುವ ಮುನ್ನ, ಆ ಮಗುವಿನ ಮನೆಗೆ ಬೀಗ ಬಿದ್ದಿದೆಯೇ ಎಂದು ಒಮ್ಮೆ ವಿಚಾರಿಸೋಣ. ಬಿದ್ದಿದ್ದರೆ, ಆ ಮಗುವನ್ನು ಕಾಯುವವರು ನಾವಾಗೋಣ.