ಬೀದಿಯ ಅಂಗಳದ ತೀರ್ಪುಗಾರ

ಆಟವೆಂಬುದು ಬಲ, ವೇಗ ಮತ್ತು ಚಾತುರ್ಯಗಳ ಸ್ಪರ್ಧೆ. ಆದರೆ ನಿಯಮವಿಲ್ಲದ ಕಡೆ ಬಲವು ಬರಿಯ ತಳ್ಳಾಟವಾಗುತ್ತದೆ, ಚಾತುರ್ಯವು ವಂಚನೆಯಾಗುತ್ತದೆ. ನಿಯಮಗಳು ಪುಸ್ತಕದಲ್ಲಿದ್ದರೆ ಸಾಲದು; ಅವನ್ನು ಕ್ಷಣಮಾತ್ರದಲ್ಲಿ ಅನ್ವಯಿಸಬಲ್ಲ ಒಬ್ಬ ಮನುಷ್ಯನೂ ಬೇಕು. ಅವನೇ ತೀರ್ಪುಗಾರ. ಗೆದ್ದವರ ಹೆಸರು ಊರಿಗೆಲ್ಲ ತಿಳಿಯುತ್ತದೆ. ತೀರ್ಪುಗಾರನ ಹೆಸರು ಅವನು ಎಡವಿದ ದಿನ ಮಾತ್ರ ಜನರ ಬಾಯಿಗೆ ಬರುತ್ತದೆ.

ಬ್ಯಾಸ್ಕೆಟ್‌ಬಾಲ್ ಆಟವನ್ನು ಕಂಡುಹಿಡಿದವರು ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮ ಶಿಕ್ಷಕರು. 1891ರ ಡಿಸೆಂಬರ್ ತಿಂಗಳಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿ, ಹತ್ತು ಅಡಿ ಎತ್ತರದ ಕಟಕಟೆಗೆ ಹಣ್ಣಿನ ಬುಟ್ಟಿಗಳನ್ನು ಕಟ್ಟಿಸಿ ಅವರು ಈ ಆಟವನ್ನು ಆಡಿಸಿದರು. ಅವರು ಬರೆದ ನಿಯಮಗಳು 13. ಅವುಗಳಲ್ಲಿ ಒಂದು ಮಾತು ಗಮನಾರ್ಹವಾಗಿದೆ. ಆಟಗಾರರ ನಡತೆಯನ್ನು ನೋಡುವುದಕ್ಕೆ ಒಬ್ಬ ತೀರ್ಪುಗಾರ, ಚೆಂಡನ್ನೂ ಕಾಲವನ್ನೂ ನೋಡುವುದಕ್ಕೆ ಇನ್ನೊಬ್ಬ ತೀರ್ಪುಗಾರ ಇರಬೇಕೆಂದು ಅವರು ವಿಧಿಸಿದರು. ಚೆಂಡನ್ನೂ ಮನುಷ್ಯರನ್ನೂ ಒಂದೇ ಜೊತೆ ಕಣ್ಣುಗಳು ಒಟ್ಟಿಗೆ ಕಾಯಲಾರವೆಂಬುದು ಅವರಿಗೆ ಮೊದಲೇ ಹೊಳೆದಿತ್ತು.

ಈ ಆಟ ಕಾಲಕ್ರಮದಲ್ಲಿ ವ್ಯಾಯಾಮಶಾಲೆಯಿಂದ ಬೀದಿಗೆ ಇಳಿಯಿತು. ನ್ಯೂಯಾರ್ಕ್ ನಗರದ ಬಡಾವಣೆಗಳಲ್ಲಿ ಗಟ್ಟಿ ನೆಲ, ಎರಡು ಕಂಬ, ಎರಡು ಕಬ್ಬಿಣದ ಬಳೆ ಇದ್ದರೆ ಅದೇ ಆಟದ ಅಂಕಣ. ಅಲ್ಲಿ ಗೆಳೆಯರು ಆಡುವಾಗ ತೀರ್ಪುಗಾರನಿರುವುದಿಲ್ಲ. ಪೆಟ್ಟು ತಿಂದವನೇ ‘ಫೌಲ್’ ಎಂದು ಕೂಗುತ್ತಾನೆ. ಉಳಿದವರು ಒಪ್ಪುತ್ತಾರೆ, ಇಲ್ಲವೆ ಸ್ವಲ್ಪ ವಾದಿಸಿ ಮುಂದುವರಿಯುತ್ತಾರೆ. ಆದರೆ ಆಟದ ಮಟ್ಟ ಏರಿದಂತೆ ಈ ಏರ್ಪಾಡು ಸಾಲದಾಗುತ್ತದೆ.

ಹಾರ್ಲೆಮ್ ಬಡಾವಣೆಯಲ್ಲಿ ನಗರದ ಉದ್ಯಾನ ಇಲಾಖೆಯ ನೌಕರರಾಗಿದ್ದ ಹಾಲ್ಕಂಬ್ ರಕರ್ ಎಂಬವರು ಎರಡನೆಯ ಮಹಾಯುದ್ಧದ ಅನಂತರದ ವರ್ಷಗಳಲ್ಲಿ ಒಂದು ಬೇಸಿಗೆ ಪಂದ್ಯಾವಳಿಯನ್ನು ಆರಂಭಿಸಿದರು. ಹುಡುಗರು ಆಟದೊಡನೆ ಓದನ್ನೂ ಬಿಡಬಾರದೆಂಬುದು ಅವರ ಹಂಬಲವಾಗಿತ್ತು. ವಿಲ್ಟ್ ಚೇಂಬರ್ಲೇನ್, ಜೂಲಿಯಸ್ ಅರ್ವಿಂಗ್‌ರಂತಹ ವೃತ್ತಿಪರ ಆಟಗಾರರೂ, ಬೀದಿಯ ಅಂಗಳದಲ್ಲಿಯೇ ಕೀರ್ತಿ ಗಳಿಸಿದ ಅರ್ಲ್ ಮ್ಯಾನಿಗಾಲ್ಟ್‌ನಂತಹವರೂ ಹಾರ್ಲೆಮ್‌ನ ಅಂಗಳಗಳಲ್ಲಿ ಆಡಿದರು. ರಕರ್ 1965ರಲ್ಲಿ ತೀರಿಕೊಂಡರು. 1974ರಲ್ಲಿ 155ನೆಯ ಬೀದಿಯ ಆಟದ ಮೈದಾನಕ್ಕೆ ಅವರ ಹೆಸರನ್ನು ಇಡಲಾಯಿತು.

ಇಂತಹ ಅಂಗಳದಲ್ಲಿ ಸೀಟಿ ಹಿಡಿದು ನಿಲ್ಲುವುದು ಸುಲಭವಲ್ಲ. ಪ್ರೇಕ್ಷಕರು ಗೆರೆಯ ಅಂಚಿನಲ್ಲಿಯೇ ನಿಂತಿರುತ್ತಾರೆ. ಧ್ವನಿವರ್ಧಕ ಹಿಡಿದವನು ಪ್ರತಿಯೊಂದು ಚಲನೆಯನ್ನೂ ಬಣ್ಣಿಸಿ ಅವರನ್ನು ಹುರಿದುಂಬಿಸುತ್ತಾನೆ. ಆಟಗಾರರ ಕೈಗಳು ಬಳೆಗಿಂತ ಮೇಲಕ್ಕೆ ಹೋಗುತ್ತವೆ. ಹೊಸದಾಗಿ ಕಲಿಯುವವನು ಮಾಡುವ ಮೊದಲ ತಪ್ಪೆಂದರೆ ಎಲ್ಲರಂತೆ ಚೆಂಡನ್ನೇ ನೋಡುವುದು. ಪ್ರೇಕ್ಷಕನು ಚೆಂಡನ್ನು ನೋಡಲಿ. ತೀರ್ಪುಗಾರನು ಚೆಂಡು ಹಿಡಿದವನನ್ನು ತಡೆಯುವ ರಕ್ಷಕನನ್ನು ನೋಡಬೇಕು.

ಏಕೆ? ಪ್ರತಿಯೊಬ್ಬ ಆಟಗಾರನಿಗೂ ತಾನು ನಿಂತ ನೆಲ ಮತ್ತು ಅದರ ನೇರ ಮೇಲಿರುವ ಅವಕಾಶ ಸೇರಿದ್ದು. ರಕ್ಷಕನು ಮೊದಲೇ ಆ ಸ್ಥಳವನ್ನು ಸೇರಿ, ಕೈಗಳನ್ನೆತ್ತಿ ನೆಟ್ಟಗೆ ನೆಗೆದಿದ್ದರೆ, ಮೈಗೆ ಮೈ ತಾಗಿದರೂ ತಪ್ಪು ಅವನದಲ್ಲ. ಅವನು ಪಕ್ಕಕ್ಕೆ ವಾಲಿದ್ದರೆ ತಪ್ಪು ಅವನದು. ಸಪ್ಪಳ ಎಷ್ಟು ಜೋರಾಗಿತ್ತೆಂಬುದು ಮುಖ್ಯವಲ್ಲ. ಮೊದಲು ಯಾರು ಎಲ್ಲಿದ್ದರೆಂಬುದು ಮುಖ್ಯ. ಡಿಕ್ಕಿಯಾದ ಮೇಲೆ ಕಣ್ಣು ತಿರುಗಿಸಿದವನಿಗೆ ಇದು ಎಂದಿಗೂ ತಿಳಿಯದು.

ಎರಡನೆಯ ಪಾಠ ಚಪ್ಪಾಳೆಗೆ ಮರುಳಾಗದಿರುವುದು. ಚೆಂಡನ್ನು ಪುಟಿಸುತ್ತ ಎಡಕ್ಕೆ ಹೊರಟಂತೆ ತೋರಿ ಬಲಕ್ಕೆ ನುಗ್ಗುವ ಆಟಗಾರನನ್ನು ಕಂಡು ಜನ ಕುಣಿದಾಡುತ್ತಾರೆ. ಅವನ ಅಂಗೈ ಚೆಂಡಿನ ಕೆಳಗೆ ಹೋಗಿ ಅದನ್ನು ಹೊತ್ತಿತೇ, ಮೇಲಿನಿಂದಲೇ ತಳ್ಳಿತೇ ಎಂಬುದನ್ನು ತೀರ್ಪುಗಾರನು ಗುರುತಿಸಬೇಕು. ಹೊತ್ತಿದ್ದರೆ ಅದು ನಿಯಮಭಂಗ. ಇಲ್ಲವಾದರೆ ಶುದ್ಧ ಚಾತುರ್ಯ. ಅಂದದ ಚಲನೆಯೆಂದು ತಪ್ಪನ್ನು ಬಿಡುವುದೂ, ಅಪೂರ್ವ ಚಲನೆಯೆಂದು ಸಂಶಯಪಟ್ಟು ಸೀಟಿ ಊದುವುದೂ ಸಮಾನವಾದ ಅನ್ಯಾಯಗಳು.

ಮೂರನೆಯದು ತಾಳ್ಮೆ. ಚಲನೆಯ ಆರಂಭ, ನಡು, ಕೊನೆ ಮೂರನ್ನೂ ಕಂಡ ಮೇಲೆಯೇ ಸೀಟಿ ಊದಬೇಕು. ಎದುರಾಳಿಗೆ ಬಾಧಕವಾಗದ ಅಲ್ಪ ಸ್ಪರ್ಶಕ್ಕೆಲ್ಲ ಆಟವನ್ನು ನಿಲ್ಲಿಸಿದರೆ ಆಟವೇ ಉಳಿಯದು. ಆದರೆ ಒರಟುತನವನ್ನು ಮೊದಲ ಸಲವೇ ತಡೆಯಬೇಕು. ನ್ಯಾಯ ದೊರೆಯಲಿಲ್ಲವೆಂದು ತಿಳಿದವನು ಅದನ್ನು ತನ್ನ ಮೊಣಕೈಯಿಂದಲೇ ಪಡೆಯಲು ಹೊರಡುತ್ತಾನೆ. ಆಗ ಆಟ ಜಗಳವಾಗುತ್ತದೆ. ಫೌಲಿಗೆ ಮುಷ್ಟಿ, ಇತರ ನಿಯಮಭಂಗಕ್ಕೆ ಅಂಗೈ ಮೇಲೆತ್ತಿ ತೋರಿಸುವ ಸಂಜ್ಞೆ ಸ್ಪಷ್ಟವಾಗಿರಬೇಕು, ಮಾತು ಮಿತವಾಗಿರಬೇಕು.

ಬೀದಿಯಲ್ಲಿ ಬೆಳೆದ ಈ ಆಟದ ಒಂದು ರೂಪ ಇಂದು ಜಗತ್ತಿನ ಮನ್ನಣೆ ಪಡೆದಿದೆ. ಅರ್ಧ ಅಂಕಣದಲ್ಲಿ ಮೂವರಿಗೆ ಮೂವರು ಆಡುವ ಬ್ಯಾಸ್ಕೆಟ್‌ಬಾಲ್, 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ ಕ್ರೀಡಾಕೂಟದಲ್ಲಿ ಮೊದಲ ಬಾರಿಗೆ ಸ್ಥಾನ ಗಳಿಸಿತು. ಪಂದ್ಯದ ಅವಧಿ 10 ನಿಮಿಷ. ಅದಕ್ಕೂ ಮೊದಲೇ 21 ಅಂಕ ಗಳಿಸಿದ ತಂಡ ಗೆಲ್ಲುತ್ತದೆ. ಚೆಂಡು ಕೈಗೆ ಬಂದ 12 ಸೆಕೆಂಡುಗಳಲ್ಲಿ ಅದನ್ನು ಬುಟ್ಟಿಗೆ ಎಸೆಯಬೇಕು. ಬುಟ್ಟಿಗೆ ಬಿದ್ದ ಚೆಂಡನ್ನು ಎದುರಾಳಿಗಳು ಒಡನೆಯೇ ಎತ್ತಿಕೊಂಡು ಕಮಾನುಗೆರೆಯಾಚೆಗೆ ಒಯ್ಯುತ್ತಾರೆ. ಆದುದರಿಂದ ತೀರ್ಪುಗಾರನಿಗೆ ಉಸಿರಾಡಲೂ ಬಿಡುವಿಲ್ಲ.

ಎಷ್ಟು ಕಲಿತರೂ ತೀರ್ಪುಗಾರನು ತಪ್ಪುತ್ತಾನೆ. ಆಗ ಅವನ ನಿಜವಾದ ಪರೀಕ್ಷೆ. ಒಂದು ತಂಡಕ್ಕೆ ಆದ ಅನ್ಯಾಯವನ್ನು ಸರಿದೂಗಿಸಲು ಇನ್ನೊಂದಕ್ಕೆ ಅನ್ಯಾಯ ಮಾಡಿದರೆ ತಪ್ಪು ಎರಡಾಗುತ್ತದೆಯೇ ಹೊರತು ಅಳಿಯುವುದಿಲ್ಲ. ತಪ್ಪನ್ನು ಮನಸ್ಸಿನಲ್ಲಿ ಒಪ್ಪಿಕೊಂಡು, ಮುಂದಿನ ಚಲನೆಯನ್ನು ಹೊಸ ಕಣ್ಣಿನಿಂದ ನೋಡುವುದೇ ಸರಿಯಾದ ದಾರಿ. ಅಂಗಳದ ಜನ ಸೀಟಿಗೆ ಹೆದರುವುದಿಲ್ಲ. ಅದನ್ನು ಊದುವವನು ಇಬ್ಬರಿಗೂ ಒಂದೇ ಅಳತೆಗೋಲು ಹಿಡಿದಿದ್ದಾನೆಂಬ ನಂಬಿಕೆಗೆ ತಲೆಬಾಗುತ್ತಾರೆ. ಆ ನಂಬಿಕೆಯನ್ನು ಯಾರೂ ಅವನಿಗೆ ಕೊಡಲಾರರು. ಪ್ರತಿಯೊಂದು ಪಂದ್ಯದಲ್ಲಿಯೂ ಅವನೇ ಅದನ್ನು ಗಳಿಸಬೇಕು.