ಮುಳ್ಳು ಬಿತ್ತು, ಎಂತ ಮಾಡುವುದು?

ನಮ್ಮ ತಲ್ಲೂರು, ಕುಂದಾಪುರದ ಕಡೆ ಮದುವೆ ಇರಲಿ, ಬಯಲಾಟ ಇರಲಿ, ಬಾಡಿಗೆ ಜನರೇಟರ್ ಬರುತ್ತದೆ. ಕರೆಂಟು ಹೋದರೆ ಅದೇ ಗತಿ. ನಮ್ಮ ತರಗತಿಗೆ ಬರುವ ಅಕ್ಕ ಒಬ್ಬರ ಮನೆಯಲ್ಲೂ ಒಂದು ಹಳೆಯ ಡೀಸೆಲ್ ಜನರೇಟರ್ ಇದೆ. ಗಂಡ ಊರಲ್ಲಿ ಇಲ್ಲದಾಗ ಅಕ್ಕನೇ ಅದನ್ನು ನೋಡಿಕೊಳ್ಳುತ್ತಾರೆ.

ಒಂದು ರಾತ್ರಿ ಮದುವೆ ಮನೆಯಲ್ಲಿ ಜನರೇಟರ್ ಓಡುತ್ತಿತ್ತು. ಜನ ಊಟಕ್ಕೆ ಕುಳಿತಿದ್ದರು. ಆಯಿಲ್ ಮೀಟರಿನ ಮುಳ್ಳು ಥಟ್ಟನೆ ಸೊನ್ನೆಗೆ ಬಿತ್ತು.

"ಅದ್ ಹಳಿ ಮೀಟರ್ ಮರಾಯ್ತಿ, ಸುಳ್ ಹೇಳತ್. ಓಡ್ಲಿ ಬಿಡ್" ಎಂದರು ಹತ್ತಿರ ಇದ್ದ ಅಜ್ಜಿ.

"ಆಯಿಲ್ ಮುಗ್ದಿದ್ರೆ ಎಂತ ಮಾಡೂದ್?" ಎಂದು ಅಕ್ಕ ಎಂಜಿನ್ ನಿಲ್ಲಿಸಿಯೇ ಬಿಟ್ಟರು. ದೀಪ ಹೋಯಿತು. ಜನ ಗೊಣಗಿದರು.

ಅಕ್ಕ ಮಾಡಿದ್ದು ಸರಿಯೇ? ಸರಿ. ಎಂಜಿನ್ ಒಳಗೆ ಕಬ್ಬಿಣದ ಭಾಗಗಳು ತಿರುಗುತ್ತವೆ, ಉಜ್ಜುತ್ತವೆ. ಅವುಗಳ ನಡುವೆ ಆಯಿಲ್ ಹರಿಯಬೇಕು. ಹರಿಯದಿದ್ದರೆ ಕೆಲವೇ ನಿಮಿಷಗಳಲ್ಲಿ ಎಂಜಿನ್ ಜಾಮ್ ಆಗಬಹುದು. ಮುಳ್ಳು ಸುಳ್ಳು ಹೇಳಿರಬಹುದು. ನಿಜವನ್ನೂ ಹೇಳಿರಬಹುದು. ನಿಲ್ಲಿಸದೆ ತಿಳಿಯುವುದಿಲ್ಲ.

ನೋಡುವುದು ಹೇಗೆ?

1. ಎಂಜಿನ್ ನಿಲ್ಲಿಸಿ. ಸ್ವಲ್ಪ ಹೊತ್ತು ಆರಲು ಬಿಡಿ. ಆಯಿಲ್ ಅಳೆಯುವ ಕಡ್ಡಿ ತೆಗೆದು ಒರೆಸಿ. ಮತ್ತೆ ಒಳಗೆ ಹಾಕಿ ತೆಗೆಯಿರಿ. ಕಡ್ಡಿಯಲ್ಲಿ ಎರಡು ಗೀಟು ಇರುತ್ತವೆ. ಆಯಿಲ್ ಈ ಎರಡು ಗೀಟುಗಳ ನಡುವೆ ಇರಬೇಕು.

2. ಆಯಿಲ್ ಸರಿ ಇದ್ದರೆ ವಯರ್ ನೋಡಿ. ಒಂದೇ ಮೀಟರ್ ಕೆಟ್ಟಿದ್ದರೆ ಅದಕ್ಕೆ ಹೋಗುವ ವಯರ್ ತುಂಡಾಗಿರಬಹುದು, ಸಡಿಲ ಆಗಿರಬಹುದು. ಎಲ್ಲ ಮೀಟರುಗಳೂ ಒಟ್ಟಿಗೆ ಕೆಟ್ಟರೆ? ಆಗ ಬ್ಯಾಟರಿಯ ಕ್ಲಾಂಪ್ ನೋಡಿ. ಎಂಜಿನ್ ಮೈಗೆ ಬಿಗಿದ ಅರ್ಥಿಂಗ್ ವಯರ್ ನೋಡಿ.

3. ವಯರ್ ಮುಟ್ಟುವ ಮೊದಲು ಬ್ಯಾಟರಿಯ ನೆಗೆಟಿವ್ ಕ್ಲಾಂಪ್ ಬಿಚ್ಚಿ. ಅದರ ಗುರುತು ಅಡ್ಡಗೆರೆ (−). ಕೆಲಸ ಮುಗಿದ ಮೇಲೆ ಅದನ್ನು ಕೊನೆಗೆ ಹಾಕಿ. ಬ್ಯಾಟರಿ ಹತ್ತಿರ ಬೀಡಿ, ಬೆಂಕಿ ಬೇಡ.

4. ಆಯಿಲ್ ಇದ್ದರೂ ಅದನ್ನು ಹರಿಸುವ ಪಂಪು ಕೆಟ್ಟಿರಬಹುದು. ಆದ್ದರಿಂದ ಮೆಕ್ಯಾನಿಕ್ ನೋಡುವ ತನಕ ಎಂಜಿನ್ ಓಡಿಸಬೇಡಿ.

ಮರುದಿನ ಮೆಕ್ಯಾನಿಕ್ ಬಂದರು. ಬೇರೆ ಮೀಟರ್ ಹಾಕಿ ನೋಡಿದರು. ಆಯಿಲ್ ಚೆನ್ನಾಗಿ ಹರಿಯುತ್ತಿತ್ತು. ಹಳೆಯ ಮೀಟರಿನ ವಯರ್ ತುದಿ ಹಸಿರು ಕಿಲುಬು ಹಿಡಿದು ಬಿಟ್ಟುಹೋಗಿತ್ತು. ನಮ್ಮದು ಹೊಳೆ, ಕಡಲಿನ ಊರು. ಉಪ್ಪು ಗಾಳಿಗೆ ತಾಮ್ರ ಬೇಗ ಕಿಲುಬು ಹಿಡಿಯುತ್ತದೆ. ತುದಿ ಕೆರೆದು ಬಿಗಿದರು. ಮುಳ್ಳು ಎದ್ದಿತು.

"ಹಾಂಗಾರೆ ಅಂದು ಸುಮ್ನೆ ನಿಲ್ಸಿದ್ದಾ?" ಎಂದು ಅಜ್ಜಿ ಕೇಳಿದರು. ಸುಮ್ಮನೆ ಅಲ್ಲ. ಅರ್ಧ ಗಂಟೆ ಕತ್ತಲೆಯಾದರೆ ದೀಪ ಮತ್ತೆ ಹಚ್ಚಬಹುದು. ಎಂಜಿನ್ ಹೋದರೆ ಮನೆಯ ದುಡಿಮೆಯೇ ಹೋಗುತ್ತದೆ.

ನೆನಪಿಡಿ: ದೀಪಕ್ಕೆ ಹೋಗುವ ವಯರಿನಲ್ಲಿ 230 ವೋಲ್ಟ್ ಇರುತ್ತದೆ. ಅದು ಜೀವ ತೆಗೆಯುತ್ತದೆ. ಅದನ್ನು ಎಲೆಕ್ಟ್ರಿಷಿಯನ್ ಮಾತ್ರ ಮುಟ್ಟಲಿ. ಜನರೇಟರನ್ನು ಕೋಣೆಯೊಳಗೆ ಓಡಿಸಬೇಡಿ. ಹೊಗೆಯಲ್ಲಿ ಕಣ್ಣಿಗೆ ಕಾಣದ, ವಾಸನೆ ಇಲ್ಲದ ವಿಷಗಾಳಿ ಇರುತ್ತದೆ.

ಮಾತಾಡೋಣ:
ಮುಳ್ಳು ಸೊನ್ನೆಗೆ ಬಿದ್ದರೆ ಮೊದಲು ಏನು ಮಾಡಬೇಕು?
ಎಲ್ಲ ಮೀಟರುಗಳೂ ಒಟ್ಟಿಗೆ ಕೆಟ್ಟರೆ ಎಲ್ಲಿ ನೋಡಬೇಕು?
ನೀವು ಅಕ್ಕನ ಜಾಗದಲ್ಲಿ ಇದ್ದಿದ್ದರೆ ಏನು ಮಾಡುತ್ತಿದ್ದಿರಿ?