ಗಾಜಿನ ಮೇಲಿನ ಹನಿ ಯಾವ ಕಡೆ ಹರಿಯಬೇಕು?

ಫ್ಲೈಟ್‌ಗೇರ್ ಒಂದು ಓಪನ್ ಸೋರ್ಸ್ ಫ್ಲೈಟ್ ಸಿಮ್ಯುಲೇಟರ್. ಅದರ ಕಾಕ್‌ಪಿಟ್ ಗಾಜಿನ ಮೇಲೆ ಮಳೆ ತರೋದು ಹೇಗೆ ಅಂತ ನೋಡೋಣ.

ಮೊದಲು ನಾವು ಸುಲಭದ ದಾರಿ ಹಿಡಿದೆವು: ಹನಿಗಳ ಚಿತ್ರವನ್ನು ಸ್ಕ್ರೀನ್ ಮೇಲೆ ಅಂಟಿಸಿದೆವು. ನೋಟ ಪಕ್ಕಕ್ಕೆ ತಿರುಗಿಸಿದರೆ ಹನಿಗಳೂ ಜೊತೆಗೇ ಬಂದವು! ಮಳೆ ಬಿದ್ದಿದ್ದು ಗಾಜಿನ ಮೇಲಲ್ಲ, ನಮ್ಮ ಕಣ್ಣಿನ ಮೇಲೆ. ಹಾಗಾಗಿ ವಿಮಾನದ ಮಾಡೆಲ್‌ನಲ್ಲಿ ಗಾಜನ್ನು ಬೇರೆ ಆಬ್ಜೆಕ್ಟ್ ಮಾಡಿ, ಮಳೆಯ ಶೇಡರನ್ನು ಅದಕ್ಕೆ ಮಾತ್ರ ಕೊಡಬೇಕು.

ಇನ್ನು ಹನಿಯ ದಿಕ್ಕು. ಎಂಜಿನ್ ಆಫ್ ಆಗಿ, ಗಾಳಿಯೂ ಇಲ್ಲದಿದ್ದರೆ ಗುರುತ್ವ ಮಾತ್ರ, ಹನಿ ಕೆಳಗಿಳಿಯುತ್ತೆ. ವಿಮಾನ ಓಡಿದಾಗ ಎದುರಿನ ಗಾಳಿಯೂ ಹನಿಯನ್ನು ತಳ್ಳುತ್ತೆ. ಗಾಳಿಯ ಒತ್ತಡ ವೇಗದ ವರ್ಗದಂತೆ ಏರುತ್ತೆ: 30 ನಾಟ್ 60 ಆದರೆ ಒತ್ತಡ 2 ಪಟ್ಟಲ್ಲ, 4 ಪಟ್ಟು. ಗುರುತ್ವ ಮಾತ್ರ ಇದ್ದಷ್ಟೇ. ಕೊನೆಗೆ ಗಾಳಿ ಗೆದ್ದು, ಹನಿ ಮೇಲಕ್ಕೆ ಹತ್ತುತ್ತೆ.

ಫ್ಲೈಟ್‌ಗೇರ್‌ನಲ್ಲಿ ಈ ದಿಕ್ಕಿಗೆ ಸ್ಪ್ಲಾಶ್ ವೆಕ್ಟರ್ ಅಂತ ಹೆಸರು. ಸ್ಕ್ರಿಪ್ಟ್ ಏರ್‌ಸ್ಪೀಡ್ ಓದಿ ಅದರ ಮೂರು ಬೆಲೆ ಲೆಕ್ಕ ಹಾಕುತ್ತೆ. ಶೇಡರ್ ಹನಿಗಳನ್ನು ಆ ಕಡೆ ಹರಿಸುತ್ತೆ. ಗ್ರೌಂಡ್‌ಸ್ಪೀಡ್ ಕೊಟ್ಟರೆ ತಪ್ಪು: ನಿಂತ ವಿಮಾನಕ್ಕೂ ಎದುರುಗಾಳಿ ಬಡಿಯುತ್ತೆ ಅಲ್ವಾ?

ನಿಮಗೊಂದು ಲೆಕ್ಕ: ಸೆಸ್ನಾ 172 ನಿಂತಲ್ಲೇ ಎಂಜಿನ್ ಜೋರು ಮಾಡಿದರೆ ಪ್ರೊಪೆಲ್ಲರ್ ಗಾಳಿಯೂ ಗಾಜಿಗೆ ಬಡಿಯುತ್ತೆ. ಅದನ್ನು ವೆಕ್ಟರ್‌ಗೆ ಹೇಗೆ ಸೇರಿಸ್ತೀರಿ?